ನನ್ನ ಮಗಳ ಕಡೆ ಲಾಯರು

ನನ್ನ ಮೇಲೆ ನನ್ನ ಮಗಳೇ ಲಾಯರ್ ಇಟ್ಟಳು. ಒಂಬತ್ತು ವರ್ಷದ ಮಗಳು. ನಗಬೇಡಿ. ನಕ್ಕರೆ ನನಗೆ ಸಿಟ್ಟು ಬರುತ್ತೆ, ಮೊದಲೇ ನನ್ನ ಗಂಡನ ಕಡೆಯೋರಲ್ಲಿ ನನ್ನ ಸಿಟ್ಟಿಗೆ ಒಳ್ಳೇ ಹೆಸರಿಲ್ಲ.

ಲಾಯರ್ ಯಾರು ಅಂತೀರಾ? ನಮ್ಮ ಜುಲಿಯಾನಾ ಅಕ್ಕ. ಕುಂದಾಪುರದ ಕಡೆಯೋರು. ಇಲ್ಲಿ ಕಾರ್ಕ್ ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿ ನಮ್ಮ ಮನೆ ಹಿಂದಿನ ರಸ್ತೇಲೇ ಇದ್ದಾರೆ. ಊರಲ್ಲಿದ್ದಾಗ ಕೋರ್ಟಲ್ಲಿ ವಾದ ಮಾಡ್ತಿದ್ದೋರು, ಐರ್ಲೆಂಡಿಗೆ ಬಂದ ಮೇಲೆ ಮತ್ತೆ ಓದಿ, ಪರೀಕ್ಷೆ ಮೇಲೆ ಪರೀಕ್ಷೆ ಬರೆದು ಸಾಲಿಸಿಟರ್, ಅಂದ್ರೆ ಇಲ್ಲಿಯ ಲಾಯರ್, ಆದ್ರು. ಕಾರ್ಕ್ ಸಿಟಿಯ ಒಂದು ಆಫೀಸಲ್ಲಿ ಮನೆ ಮಾರೋದು ಕೊಳ್ಳೋದರ ಕಾಗದಪತ್ರ ನೋಡ್ಕೋತಾರೆ. ಒಳ್ಳೇ ಹೆಂಗಸು, ದೊಡ್ಡ ಮನಸ್ಸು, ಕಷ್ಟ ಅಂದ್ರೆ ಸಾಕು ಮೀನು ಸಾರಿನ ಪಾತ್ರೆ ಹಿಡ್ಕೊಂಡು ಓಡಿ ಬರ್ತಾರೆ. ನಾವು ಮೀನು ತಿನ್ನಲ್ಲ ಅನ್ನೋದು ಅವರಿಗೆ ಬಂದು ಬಾಗಿಲು ತಟ್ಟಿದ ಮೇಲೆ ನೆನಪಾಗುತ್ತೆ, ಅದು ಬೇರೆ ಮಾತು.

ಒಂದೇ ತೊಂದರೆ, ಬಾಯಿ. ಬೆಳಿಗ್ಗೆ ಅವರಿಗೆ ಒಂದು ವಿಷಯ ಹೇಳಿದ್ರೆ ರಾತ್ರಿ ಊಟದ ಹೊತ್ತಿಗೆ ಕಾರ್ಕ್‌ನ ಕನ್ನಡದೋರ ಮನೆಮನೇಲೂ ಅದೇ ಮಾತು. ನನ್ನ ಗಂಡ ಸಂಪತ್‌ಗೆ ಪೈಲ್ಸ್ ಆಪರೇಷನ್ ಆದಾಗ, ನಾನಿನ್ನೂ ಯಾರಿಗೂ ಬಾಯಿ ಬಿಟ್ಟಿರಲಿಲ್ಲ, ದೂರದ ನೇಸ್ ಊರಲ್ಲಿರೋ ನನ್ನ ಕಸಿನ್ ಶಶಾಂಕ್ ಫೋನ್ ಮಾಡಿ, "ಭಾವ ಈಗ ಕೂತ್ಕೋತಾರಾ?" ಅಂತ ಕೇಳಿದ. ಸಂಪತ್ ಆಮೇಲೆ ಒಂದು ತಿಂಗಳು ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ.

ಇಂಥ ಜುಲಿಯಾನಾ ಅಕ್ಕನಿಗೆ ಮಕ್ಕಳ ಕೇಸು ಮಾಡ್ಬೇಕು ಅನ್ನೋ ಹುಚ್ಚು ಹತ್ತಿತು. "ಮನೆ ಮಾರುವ ಕಾಗದ ನೋಡಿ ನೋಡಿ ಸಾಕಾಯ್ತು ಮಾರಾಯ್ತಿ. ಗೋಡೆ ಯಾರದ್ದು, ಬೇಲಿ ಯಾರದ್ದು. ಇನ್ನು ಮನುಷ್ಯರ ಕೆಲಸ ಮಾಡ್ಬೇಕು" ಅಂದ್ರು. ಅವರು ಹೇಳಿದ್ದರಲ್ಲಿ ನನಗೆ ಅರ್ಥ ಆಗಿದ್ದು ಇಷ್ಟು. ಇಲ್ಲಿ ಯಾವುದಾದ್ರೂ ಮಗು ಮನೇಲಿ ಚೆನ್ನಾಗಿಲ್ಲ ಅಂತಾದ್ರೆ ವಿಷಯ ಕೋರ್ಟಿಗೆ ಹೋಗುತ್ತೆ. ತಾಯಿಗೊಬ್ಬ ಲಾಯರು, ತಂದೆಗೊಬ್ಬ ಲಾಯರು, ಸರ್ಕಾರದ ಕಡೆಗೊಬ್ಬ ಲಾಯರು. ಕೆಲವು ಸಲ ಜಡ್ಜು, ಮಗೂಗೂ ಒಂದು ಬಾಯಿ ಇದೆಯಲ್ಲ ಅಂತ, ಮಗುವಿನ ಕಡೆಗೂ ಒಬ್ಬ ಲಾಯರ್ ಇಡ್ತಾರೆ. ಮಗೂಗೆ ಯಾವುದು ಒಳ್ಳೇದು ಅಂತ ಹೇಳಕ್ಕೆ ಬೇರೆ ಜನ ಇರ್ತಾರೆ. ಈ ಲಾಯರ್ ಕೆಲಸ, ಮಗು ಏನು ಹೇಳುತ್ತೋ ಅದನ್ನ ಹೇಳೋದು. ಅಕ್ಕನ ಆಫೀಸಿನೋರು, ಆ ಕೆಲಸಕ್ಕೆ ಕಾನೂನು ಓದಿದ್ರೆ ಸಾಲದು, ಅದಕ್ಕೇ ಅಂತ ಇರೋ ಬೇರೆ ಕೋರ್ಸು ಮುಗಿಸಿ, ಪರಿಣತಿ ಸರ್ಟಿಫಿಕೇಟ್ ತಗೊಂಡು ಬಂದ್ರೆ ಮಾತ್ರ ಅಂಥ ಕೇಸು ಕೊಡೋದು ಅಂದ್ರಂತೆ.

ಓದಿದ್ರು. ಬರವಣಿಗೆ ಪರೀಕ್ಷೇಲಿ ಒಳ್ಳೇ ಮಾರ್ಕ್ಸು. ಕೊನೇಗೊಂದು ಪ್ರಾಕ್ಟಿಕಲ್ ಇತ್ತು. ಕಷ್ಟದಲ್ಲಿರೋ ಮಗುವಿನ ಪಾರ್ಟು ಮಾಡೋ ಒಂದು ಹುಡುಗಿಯನ್ನ ಎದುರಿಗೆ ಕೂರಿಸ್ತಾರೆ, ಅದರ ಹತ್ತಿರ ಮಾತಾಡಿ ಅದಕ್ಕೇನು ಬೇಕು ಅಂತ ತಿಳ್ಕೋಬೇಕು, ಪರೀಕ್ಷಕರು ಗಾಜಿನ ಆಚೆಯಿಂದ ನೋಡ್ತಿರ್ತಾರೆ. ಅದರಲ್ಲಿ ಅಕ್ಕ ಫೇಲು.

"ಎಂತ ಹೇಳಿದ್ರು ಗೊತ್ತುಂಟಾ?" ಅಂತ ನಮ್ಮ ಅಡುಗೆಮನೇಲಿ ಕೂತು ಕಣ್ಣೊರೆಸಿಕೊಂಡ್ರು. "ನಿಮ್ಮ ಅಭಿಪ್ರಾಯ ನಮಗೆ ಚೆನ್ನಾಗಿ ಗೊತ್ತಾಯ್ತು, ಮಗುವಿನದು ಗೊತ್ತಾಗಲಿಲ್ಲ ಅಂತ. ಅದು ಸುಮ್ಮನೆ ಕೂತಿತ್ತು ಮಾರಾಯ್ತಿ. ನಂಗೆ ಸಂಕಟ ಆಯ್ತು. ಅಮ್ಮನ ಹತ್ರ ಹೋಗ್ಬೇಕು ಅಲ್ವಾ ನಿಂಗೆ ಅಂತ ನಾನೇ ಹೇಳಿದೆ. ಅದು ತಲೆ ಆಡಿಸ್ತು. ಮುಗೀತಲ್ಲ, ಫೇಲು."

"ಅದರಲ್ಲಿ ತಪ್ಪೇನಿದೆ ಅಕ್ಕ? ಮಗು ಅಮ್ಮನ ಹತ್ರ ಅಲ್ದೆ ಇನ್ನೆಲ್ಲಿಗೆ ಹೋಗುತ್ತೆ?" ಅಂದೆ ನಾನು. ಆಗ ನನಗೆ ನಿಜವಾಗ್ಲೂ ತಪ್ಪೇನು ಅಂತ ಗೊತ್ತಾಗಿರಲಿಲ್ಲ.

ಇನ್ನೊಂದು ಅವಕಾಶ ಕೊಟ್ಟಿದ್ರು. ಅದಕ್ಕೆ ಮುಂಚೆ ನಿಜವಾದ ಮಕ್ಕಳ ಜೊತೆ ಕೂತು ಅಭ್ಯಾಸ ಮಾಡ್ಕೊಂಡು ಬನ್ನಿ ಅಂದಿದ್ರಂತೆ. ಕಷ್ಟದಲ್ಲಿರೋ ಮಕ್ಕಳೇ ಆಗ್ಬೇಕು ಅಂತಿಲ್ಲ, ಯಾವ ಮಗುವಾದ್ರೂ ಸರಿ. ಆದ್ರೆ ನಿಯಮ ಎಲ್ಲ ಕೋರ್ಟಿನ ಹಾಗೇ. ಅಪ್ಪ ಅಮ್ಮ ರೂಮಲ್ಲಿ ಇರಬಾರ್ದು. ಮಗು ಹೇಳಿದ್ದು ಮಗುವಿನದು. ಅದಕ್ಕೇನೋ ಅಪಾಯ ಇದೆ ಅಂತ ಅನ್ನಿಸಿದ್ರೆ ಬೇರೆ ಮಾತು, ಇಲ್ದಿದ್ರೆ ಮಗುವೇ ಹೇಳಿ ಅನ್ನೋವರೆಗೂ ಯಾರಿಗೂ ಹೇಳೋ ಹಾಗಿಲ್ಲ. "ನಿನ್ನ ಇಂಚರಾಳನ್ನ ಕಳಿಸ್ತೀಯಾ?" ಅಂತ ಕೇಳಿದ್ರು. ಪಾಪ ಅನ್ನಿಸ್ತು. ಕರ್ಕೊಂಡು ಹೋಗಿ ಅಂದೆ.

ಇದೇ ಹೊತ್ತಿಗೆ ನಮ್ಮ ಮನೇಲಿ ಇನ್ನೊಂದು ಗಲಾಟೆ ನಡೀತಿತ್ತು. ನಾನು ಇಲ್ಲಿಯ ಒಂದು ಆಸ್ಪತ್ರೆಯ ರಕ್ತಪರೀಕ್ಷೆ ಲ್ಯಾಬಲ್ಲಿ ಕೆಲಸ ಮಾಡ್ತೀನಿ. ಬಂದಾಗಿನಿಂದ ಅಲ್ಲೇ, ಅದೇ ಬೆಂಚು, ಅದೇ ಮೈಕ್ರೋಸ್ಕೋಪು. ಲೆಟರ್‌ಕೆನ್ನಿಯ ದೊಡ್ಡಾಸ್ಪತ್ರೆ ಲ್ಯಾಬಿಗೆ ಚೀಫ್ ಬೇಕು ಅಂತ ಜಾಹೀರಾತು ಹಾಕಿದ್ರು. ಸಂಪತ್ ಬೆನ್ನುಬಿದ್ದು ಅಪ್ಲೈ ಮಾಡಿಸಿದ. ಸಿಗಲ್ಲ ಬಿಡು ಅಂತ ನಾನು ಧೈರ್ಯವಾಗಿ ಇಂಟರ್‌ವ್ಯೂ ಕೊಟ್ಟೆ. ಕರ್ಮ, ಸಿಕ್ಕಿಬಿಡ್ತು! ಬರ್ತೀರೋ ಇಲ್ವೋ ಅಂತ ಶುಕ್ರವಾರದೊಳಗೆ ತಿಳಿಸ್ಬೇಕು. ಲೆಟರ್‌ಕೆನ್ನಿ ಅಂದ್ರೆ ಈ ದೇಶದ ಆ ತುದಿ, ನಾವಿರೋದು ಈ ತುದಿ. ಒಪ್ಕೊಂಡ್ರೆ ಮನೆ, ಸ್ಕೂಲು ಎಲ್ಲ ಬಿಟ್ಟು ಹೋಗ್ಬೇಕು.

ಸಂಪತ್‌ದು ಸಾಫ್ಟ್‌ವೇರು, ಮನೆಯಿಂದಾನೇ ಕೆಲಸ. "ನನಗೆ ಲ್ಯಾಪ್‌ಟಾಪ್ ಇಡಕ್ಕೊಂದು ಟೇಬಲ್ ಇದ್ರೆ ಸಾಕು. ನಡಿ, ಹೋಗೋಣ" ಅಂದ.

"ನಿನಗೇನು ಸುಲಭ. ಇಂಚರಾ ಇದ್ದಾಳಲ್ಲ?" ಅಂದೆ.

ಅವನಿಗಷ್ಟೇ ಅಲ್ಲ, ಎಲ್ಲರಿಗೂ ಅದನ್ನೇ ಅಂದೆ. ಲ್ಯಾಬಲ್ಲಿ ಅಂದೆ. ಮೈಸೂರಲ್ಲಿರೋ ಅಮ್ಮನಿಗೆ ಫೋನಲ್ಲಿ ಅಂದೆ. ಯುಗಾದಿ ಊಟದಲ್ಲಿ ಸಿಕ್ಕಿದ ಹೆಂಗಸರಿಗೆಲ್ಲ ಅಂದೆ. "ದೊಡ್ಡ ಪೋಸ್ಟೇ ಕಣ್ರೀ, ಆಸೆ ಏನೋ ಇದೆ. ಆದ್ರೆ ಇಂಚರಾಗೆ ಇಲ್ಲಿ ಸ್ಕೂಲು, ಫ್ರೆಂಡ್ಸು, ಆ ಕೋಲು ಹಿಡ್ಕೊಂಡು ಆಡ್ತಾರಲ್ಲ ಕಮೋಗಿ, ಅದು. ಅವಳನ್ನ ಕಿತ್ಕೊಂಡು ಹೋಗಕ್ಕಾಗುತ್ತಾ? ನಾವು ತಾಯಂದಿರು, ನಮ್ಮದೇನಿದ್ರೂ ಆಮೇಲೆ." ಎಲ್ಲರೂ ಛೆ ಪಾಪ ಅಂದ್ರು. ಕೇಳಕ್ಕೆ ಹಿತವಾಗೇ ಇತ್ತು.

ಮಗುವಿನ ಹೆಸರು ಹೇಳ್ಕೊಂಡು ಕೆಲಸ ಸಾಗಿಸೋದು ನಮ್ಮೋರಿಗೆ ಹೊಸದೇನಲ್ಲ. ನೀವೂ ಮಾಡಿರ್ತೀರಿ, ಸುಮ್ಮನೆ ಮುಖ ಆ ಕಡೆ ತಿರುಗಿಸ್ಬೇಡಿ. ಯಾರದೋ ಮನೆ ಪೂಜೆ ಎಳೀತಾ ಹೋಯ್ತು ಅಂದ್ರೆ, "ಮಗೂಗೆ ನಿದ್ದೆ ಬಂತು, ಬರ್ತೀವಿ" ಅಂತೀವಿ. ಮಗು ಅಲ್ಲಿ ಸೋಫಾ ಮೇಲೆ ಕುಣೀತಿರುತ್ತೆ. ಯಾರದೋ ಮನೆ ಬಿಸಿಬೇಳೆಬಾತ್ ಸೇರಲಿಲ್ಲ ಅಂದ್ರೆ, "ಇವಳಿಗೆ ಖಾರ ಆಗಲ್ಲ ರೀ." ಆಗದ ನೆಂಟರು ಬಂದು ಉಳೀತೀವಿ ಅಂದ್ರೆ, "ಅಯ್ಯೋ, ಇವಳಿಗೆ ಟೆಸ್ಟ್ ಇದೆ." ಐರ್ಲೆಂಡಲ್ಲಿ ಮೂರನೇ ಕ್ಲಾಸಿಗೆ ಎಂಥ ಟೆಸ್ಟು! ಆದ್ರೂ ಯಾರೂ ಎದುರು ಕೇಳಲ್ಲ, ಯಾಕಂದ್ರೆ ಅವರ ಮನೇಲೂ ಮಕ್ಕಳಿದ್ದಾವೆ.

ಸರಿ, ಶನಿವಾರ ಇಂಚರಾಳನ್ನ ಜುಲಿಯಾನಾ ಅಕ್ಕನ ಮನೆಗೆ ಕರ್ಕೊಂಡು ಹೋದೆ. ಅಕ್ಕ ಕೋರ್ಟಿಗೆ ಹೋಗೋ ಹಾಗೆ ಕೋಟು ಹಾಕ್ಕೊಂಡು, ಮುಂದಿನ ರೂಮಲ್ಲಿ ಎರಡು ಕುರ್ಚಿ ಎದುರುಬದುರು ಇಟ್ಟಿದ್ರು. ನನ್ನನ್ನ ಅಡುಗೆಮನೆಗೆ ಕಳಿಸಿದ್ರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ನನ್ನ ತಪ್ಪಲ್ಲ.

"ನಿನಗೆ ಯಾವ ವಿಷಯ ಇಷ್ಟ ಸ್ಕೂಲಲ್ಲಿ?" ಅಂತ ಇಂಗ್ಲಿಷಲ್ಲಿ ಕೇಳಿದ್ರು ಅಕ್ಕ.

ಇಂಚರಾ ಮಾತಾಡಲಿಲ್ಲ. ಒಂದು ಕ್ಷಣ ಆಯ್ತು, ಇನ್ನೊಂದು ಕ್ಷಣ ಆಯ್ತು. ಇದೇನಪ್ಪ, ಮಾತು ಬರಲ್ಲ ಅಂದ್ಕೋತಾರೆ ಅಂತ ನನಗೆ ತಡೀಲಿಲ್ಲ. "ಮ್ಯಾಥ್ಸ್ ಅಂತ ಹೇಳು ಪುಟ್ಟ ಆಂಟಿಗೆ!" ಅಂತ ಅಡುಗೆಮನೆಯಿಂದಾನೇ ಕೂಗಿದೆ.

ಅಕ್ಕ ಎದ್ದು ಬಂದ್ರು. "ಸ್ಪಂದನಾ, ತೋಟಕ್ಕೆ ಹೋಗು."

"ಅಕ್ಕ, ಹೊರಗೆ ಗಾಳಿ..."

"ಕೋಟು ಹಾಕ್ಕೋ. ಹೋಗು."

ಬೇರೆಯೋರ ಮನೆ ಹಿತ್ತಲಲ್ಲಿ, ಒಣಗಕ್ಕೆ ಹಾಕಿದ ಟವೆಲ್‌ಗಳ ಮಧ್ಯೆ ನಿಂತ್ಕೊಂಡು ಕಿಟಕಿ ಒಳಗೆ ಇಣುಕಿದೆ. ಮಾತು ಕೇಳಿಸ್ತಿರಲಿಲ್ಲ, ಕಾಣಿಸ್ತಿತ್ತು. ಇಬ್ಬರೂ ಸುಮ್ಮನೆ ಕೂತಿದ್ರು. ಜುಲಿಯಾನಾ ಅಕ್ಕ ಸುಮ್ಮನೆ ಕೂತಿದ್ದನ್ನ ನಾನು ಜನ್ಮದಲ್ಲಿ ನೋಡಿರಲಿಲ್ಲ, ಚರ್ಚಲ್ಲೂ ಪಕ್ಕದೋರ ಹತ್ತಿರ ಪಿಸುಗುಡ್ತಾರೆ ಅಂತ ಅವರ ಗಂಡ ಇಗ್ನೇಷಿಯಸ್ ಅವರೇ ಹೇಳೋರು. ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು, ತುಟಿ ಒತ್ತಿ ಹಿಡ್ಕೊಂಡಿದ್ರು. ಆಮೇಲೆ ಇಂಚರಾ ಏನೋ ಅಂದಳು. ಮತ್ತೆ ಸುಮ್ಮನಾದಳು. ಆಮೇಲೆ ಶುರು ಮಾಡಿದಳು ನೋಡಿ! ಕೈ ಬೀಸ್ಕೊಂಡು, ಕುರ್ಚಿ ತುದಿಗೆ ಬಂದು, ನಿಲ್ಲಿಸಲೇ ಇಲ್ಲ. ನನ್ನ ಹತ್ತಿರ ಅವಳು ಆಡೋದು, "ಐಮ್ ಗ್ರ್ಯಾಂಡ್ ಅಮ್ಮ", ಅಂದ್ರೆ ಚೆನ್ನಾಗಿದ್ದೀನಿ ಅನ್ನೋ ಒಂದೇ ಮಾತು. ಸ್ಕೂಲ್ ಹೇಗಿತ್ತು ಅಂದ್ರೂ ಗ್ರ್ಯಾಂಡ್, ಬಿದ್ದು ಮಂಡಿ ತರಚಿದ್ರೂ ಗ್ರ್ಯಾಂಡ್. ಇಲ್ಲಿ ಇಷ್ಟು ಮಾತು ಎಲ್ಲಿಂದ ಬಂತು ಅಂತ ನನಗೆ ಹೊಟ್ಟೆ ಉರೀತು.

ದಾರೀಲಿ ಕೇಳಿದೆ, "ಏನಂದೆ ಆಂಟಿಗೆ?"

ಇಂಚರಾಗೆ ಕನ್ನಡ ಪೂರ್ತಿ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷು (ನಿಮಗೋಸ್ಕರ ಕನ್ನಡ ಮಾಡಿ ಹೇಳ್ತಿದ್ದೀನಿ), ಅದೂ ಮಾತಿನ ಕೊನೇಲೊಂದು "ಲೈಕ್" ಸೇರಿಸಿ ಅಪ್ಪಟ ಕಾರ್ಕ್ ಇಂಗ್ಲಿಷು. "ಹೇಳಕ್ಕಾಗಲ್ಲ ಅಮ್ಮ. ಇಟ್ಸ್ ಕಾನ್ಫಿಡೆನ್ಷಿಯಲ್, ಲೈಕ್" ಅಂದಳು.

ಮೈ ಉರಿದುಹೋಯ್ತು. ಮನೆಗೆ ಬಂದು ತುಪ್ಪ ಹಾಕಿ ದೋಸೆ ಮಾಡ್ಕೊಟ್ಟೆ. ತಿಂದಳು, ಹೇಳಲಿಲ್ಲ. ಮಲಗೋ ಮುಂಚೆ ತಲೆ ನೇವರಿಸ್ತಾ ಕೇಳಿದೆ. ಮಗ್ಗುಲು ಬದಲಾಯಿಸಿದಳು. ಕೊನೆಗೆ ಜುಲಿಯಾನಾ ಅಕ್ಕನಿಗೇ ಫೋನ್ ಮಾಡಿದೆ.

"ಅಕ್ಕ, ಏನು ಹೇಳಿದಳು?"

"ಹೇಳ್ಲಿಕ್ಕೆ ಆಗುವುದಿಲ್ಲ ಸ್ಪಂದನಾ."

"ಏನು ತಮಾಷೆ ಮಾಡ್ತಿದೀರಾ? ಪೈಲ್ಸ್ ವಿಷಯ ಊರಿಗೆಲ್ಲ ಹೇಳಕ್ಕಾಗುತ್ತೆ, ಇದು ಆಗಲ್ವಾ?"

"ಅದು ಬೇರೆ. ಅವ ನನ್ನ ಕ್ಲೈಂಟ್ ಅಲ್ಲ. ಇವಳು ನನ್ನ ಕ್ಲೈಂಟ್."

"ನಾನು ಹೆತ್ತಿರೋಳು ಅಕ್ಕ!"

"ಹೌದು. ಹೆತ್ತದ್ದು ನೀನೇ. ಯಾರು ಇಲ್ಲ ಅಂದದ್ದು?" ಅಂದ್ರು. ಆಮೇಲೆ ಧ್ವನಿ ಸಣ್ಣ ಮಾಡಿ, "ನನ್ನ ಪ್ರಾಣ ಹೋಗ್ತಾ ಉಂಟು ಮಾರಾಯ್ತಿ. ಇಗ್ನೇಷಿಯಸ್‌ಗೂ ಹೇಳ್ಲಿಲ್ಲ. ಮಗುವಿಗೆ ಏನೂ ಅಪಾಯ ಇಲ್ಲ, ಅಷ್ಟು ಮಾತ್ರ ಹೇಳ್ತೇನೆ. ನೀನು ಇನ್ನು ಕೇಳ್ಬೇಡ, ನನ್ನ ಬಾಯಿಯಿಂದ ಬಂದೇಬಿಡ್ತದೆ" ಅಂತ ಫೋನ್ ಇಟ್ಟೇಬಿಟ್ರು.

ಆ ವಾರ ನನಗೆ ಲ್ಯಾಬಲ್ಲಿ ಕೆಲಸ ಕೈ ಹತ್ತಲಿಲ್ಲ. ಏನು ಹೇಳಿರಬಹುದು? ನಾನು ಬೈತೀನಿ ಅಂತಾನಾ? ಬೈತೀನಿ ನಿಜ, ಯಾರು ಬೈಯಲ್ಲ? ಲೆಟರ್‌ಕೆನ್ನಿಗೆ ಬರಲ್ಲ, ಫ್ರೆಂಡ್ ಈಫಾನ ಬಿಟ್ಟಿರಲ್ಲ ಅಂತ ಅತ್ತಿರಬೇಕು ಅಂತ ತೀರ್ಮಾನ ಮಾಡ್ಕೊಂಡೆ. ಹಾಗಂದುಕೊಂಡ ಮೇಲೆ ಮನಸ್ಸಿಗೆ ಒಂಥರಾ ಸಮಾಧಾನ ಆಯ್ತು. ನೋಡು, ನಾನು ಹೇಳ್ತಿದ್ದಿದ್ದೂ ಅದೇ ತಾನೇ? ಶುಕ್ರವಾರ ಲೆಟರ್‌ಕೆನ್ನಿಗೆ ಫೋನ್ ಮಾಡಿ, ಮಗಳ ಕಾರಣ ಬರಕ್ಕಾಗಲ್ಲ ಅಂತ ಹೇಳಿಬಿಡೋದು, ಮುಗೀತು. ಸಂಪತ್ ಮಾತ್ರ ನನ್ನ ಮುಖಾನೇ ನೋಡ್ತಿದ್ದ. ಅದಕ್ಕೂ ಅವನ ಮೇಲೆ ರೇಗಿದೆ.

ಗುರುವಾರ ಸಾಯಂಕಾಲ ಬಾಗಿಲು ತಟ್ಟಿದ ಶಬ್ದ. ಜುಲಿಯಾನಾ ಅಕ್ಕ, ಅದೇ ಕೋಟು. ಕೈಯಲ್ಲಿ ಮೀನಿನ ಪಾತ್ರೆ ಇಲ್ಲ. "ನನ್ನ ಕ್ಲೈಂಟ್ ಫೋನ್ ಮಾಡಿದ್ಲು. ಅವಳ ಮಾತನ್ನು ನಿಮ್ಮಿಬ್ಬರ ಮುಂದೆ ಇಡ್ಬೇಕಂತೆ" ಅಂದ್ರು.

"ಯಾವ ಫೋನಿಂದ ಮಾಡಿದ್ಲು?"

ಸಂಪತ್ ತಲೆ ಕೆರ್ಕೊಂಡ. "ನನ್ನದೇ. ಲಾಯರ್ ಹತ್ರ ಮಾತಾಡ್ಬೇಕು ಅಂದ್ಲು, ಕೊಟ್ಟೆ."

ಊಟದ ಟೇಬಲ್ ಒಂದು ಕಡೆ ನಾನು, ಸಂಪತ್. ಎದುರುಗಡೆ ಜುಲಿಯಾನಾ ಅಕ್ಕ, ಪಕ್ಕದಲ್ಲಿ ಇಂಚರಾ, ಸ್ಕೂಲ್ ಯೂನಿಫಾರಮ್ಮಲ್ಲೇ. ನನ್ನ ಮನೇಲಿ, ನನ್ನ ಟೇಬಲ್ ಮುಂದೆ, ನಾನೇ ಎದುರು ಪಾರ್ಟಿ! ಕಾಫಿ ಕೊಡ್ಲಾ ಅಂದೆ. "ಆಮೇಲೆ" ಅಂದ್ರು ಅಕ್ಕ. ಕಾಫಿ ಬೇಡ ಅಂದಿದ್ದೂ ಅದೇ ಮೊದಲು.

"ನಾನು ಹೇಳುವುದೆಲ್ಲ ಇಂಚರಾಳ ಮಾತು. ನನ್ನದು ಒಂದೂ ಇಲ್ಲ. ನಾನು ತಪ್ಪಿದ್ರೆ ಅವಳು ಸರಿ ಮಾಡ್ತಾಳೆ" ಅಂದ್ರು. ಇಂಚರಾ ಕಡೆ ತಿರುಗಿ, "ಶುರು ಮಾಡ್ಲಾ?" ಅಂತ ಕೇಳಿದ್ರು. ಅವಳು ತಲೆಯಾಡಿಸಿದಳು. ಅಕ್ಕ ಹೇಳಕ್ಕೆ ಶುರು ಮಾಡಿದ್ರು.

"ಮೊದಲನೇದು. ನನಗೆ ನಿದ್ದೆ ಬರ್ತಿರ್ಲಿಲ್ಲ. ಯಾರ ಮನೇಲೂ, ಯಾವತ್ತೂ ಬಂದಿರ್ಲಿಲ್ಲ. ಆಟ ಚೆನ್ನಾಗಿ ನಡೀತಿರುವಾಗಲೇ ಅಮ್ಮ ನನಗೆ ನಿದ್ದೆ ಬಂತು ಅಂತ ಹೇಳಿ ಎಬ್ಬಿಸ್ಕೊಂಡು ಬರ್ತಾಳೆ."

ಸಂಪತ್‌ಗೆ ನಗು ತಡೆಯಕ್ಕಾಗಲಿಲ್ಲ. ನಾನೂ ನಕ್ಕೆ, ಏನು ಮಾಡೋದು.

"ಎರಡನೇದು. ನನಗೆ ಖಾರ ತಿನ್ಲಿಕ್ಕೆ ಆಗ್ತದೆ. ಲಕ್ಷ್ಮಿ ಆಂಟಿ ಮನೆಯ ಬಿಸಿಬೇಳೆಬಾತ್ ನನಗೆ ಇಷ್ಟ. ಅವರು ಈಗ ನಾನು ಹೋದಾಗೆಲ್ಲ ಮೊಸರನ್ನ ಮಾತ್ರ ಕೊಡ್ತಾರೆ."

"ಅಯ್ಯೋ, ಇದಕ್ಕೆಲ್ಲ ಲಾಯರ್ ಬೇಕಿತ್ತಾ ಪುಟ್ಟ? ನನಗೇ ಹೇಳಿದ್ರೆ ಆಗ್ತಿರಲಿಲ್ವಾ?" ಅಂದೆ ನಗ್ತಾನೇ.

"ಮುಗೀಲಿಲ್ಲ" ಅಂದ್ರು ಅಕ್ಕ. ಅವರು ನಗ್ತಿರಲಿಲ್ಲ. "ಮೂರನೇದು. ನನ್ನಿಂದಾಗಿ ಲೆಟರ್‌ಕೆನ್ನಿಗೆ ಹೋಗ್ಲಿಕ್ಕೆ ಆಗುವುದಿಲ್ಲ ಅಂತ ಅಮ್ಮ ಎಲ್ಲರಿಗೂ ಹೇಳ್ತಾಳೆ. ಅಜ್ಜಿಗೂ ಹೇಳಿದ್ಲು. ಅಜ್ಜಿ ಫೋನಲ್ಲಿ ನನಗೆ, ನಿಮ್ಮಮ್ಮ ನಿನಗೋಸ್ಕರ ಎಷ್ಟು ದೊಡ್ಡ ಕೆಲಸ ಬಿಡ್ತಿದ್ದಾಳೆ, ಚೆನ್ನಾಗಿ ಓದ್ಬೇಕು ಅಂದ್ರು. ನನ್ನನ್ನು ಯಾರೂ ಕೇಳ್ಲೇ ಇಲ್ಲ. ಹೋಗೋಣ ಅಂದ್ರೆ ನಾನು ಬರ್ತೇನೆ. ಇಲ್ಲೇ ಇರೋಣ ಅಂದ್ರೆ ಇರ್ತೇನೆ. ಆದ್ರೆ ನನಗೋಸ್ಕರ ಬಿಟ್ಟೆ ಅಂತ ಅಮ್ಮ ನಾನು ದೊಡ್ಡವಳಾದ ಮೇಲೂ ಹೇಳ್ತಾನೇ ಇರ್ತಾಳೆ. ಅದು ನನಗೆ ಬೇಡ."

ಅಕ್ಕ ನಿಲ್ಲಿಸಿ ಇಂಚರಾ ಕಡೆ ನೋಡಿದ್ರು. "ಸರಿ ಉಂಟಾ?"

"ಇನ್ನೊಂದಿತ್ತು" ಅಂದಳು ಅವಳು, ಟೇಬಲ್ ನೋಡ್ಕೊಂಡು.

"ಅದು ಹೇಳ್ಬೇಕಾ ಬೇಡ್ವಾ ಅಂತ ನೀನು ಇನ್ನೂ ಯೋಚನೆ ಮಾಡ್ತಾ ಇದ್ದೆ. ಅದಕ್ಕೆ ನಾನು ಬಿಟ್ಟೆ."

"ಹೇಳಿ."

ಅಕ್ಕ ಉಸಿರು ತಗೊಂಡ್ರು. "ಅಮ್ಮನಿಗೆ ಭಯ ಅಂತ ನನಗೆ ಅನ್ನಿಸ್ತದೆ. ಭಯ ಆದ್ರೆ ಭಯ ಅಂತ ಹೇಳ್ಲಿ. ನನ್ನ ಹೆಸರು ಹೇಳೋದು ಬೇಡ."

ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ. "ನೀವೇ ಹೇಳ್ಕೊಟ್ಟಿರ್ತೀರಿ ಅಕ್ಕ! ಒಂಬತ್ತು ವರ್ಷದ ಮಗು ಇಂಥ ಮಾತು ಆಡುತ್ತಾ? ನಿಮ್ಮ ಸರ್ಟಿಫಿಕೇಟಿಗೋಸ್ಕರ ನನ್ನ ಸಂಸಾರದಲ್ಲಿ..." ಅಂತ ಏನೇನೋ ಅಂದೆ. ಬೇರೆ ದಿನ ಆಗಿದ್ರೆ ಜುಲಿಯಾನಾ ಅಕ್ಕ ನನಗೆ ಹತ್ತರಷ್ಟು ವಾಪಸ್ ಕೊಡೋರು. ಅವತ್ತು ಅವರ ಮುಖ ಕೆಂಪಗಾಯ್ತು, ಬಾಯಿ ತೆರೆದ್ರು, ಮುಚ್ಚಿದ್ರು.

"ನೀವೇನಾದ್ರೂ ಹೇಳಿ ಅಕ್ಕ! ನಿಮಗೇನನ್ನಿಸುತ್ತೆ?" ಅಂತ ಕಿರುಚಿದೆ.

"ನನಗೆ ಎಂತ ಅನ್ನಿಸ್ತದೆ ಅಂತ ಇಲ್ಲಿ ಯಾರಿಗೂ ಬೇಕಾಗಿಲ್ಲ ಸ್ಪಂದನಾ. ನಾನು ಅವಳ ಕಡೆಯವಳು" ಅಂದ್ರು. ಅವರ ಕಣ್ಣಲ್ಲಿ ನೀರಿತ್ತು. ಇಂಚರಾ ಅವರ ಕೋಟಿನ ತೋಳು ಹಿಡ್ಕೊಂಡಿದ್ದಳು. ನನ್ನ ಮಗಳು, ನನಗೆ ಹೆದರಿ, ಬೇರೆಯೋರ ತೋಳು ಹಿಡ್ಕೊಂಡಿದ್ದಳು. ಅದನ್ನ ನೋಡಿ ನನ್ನ ಕೋಪವೆಲ್ಲ ಇಳಿದುಹೋಯ್ತು. ಕೂತ್ಕೊಂಡೆ.

ಸಂಪತ್ ಮಾತಾಡ್ತಾನೇನೋ ಅಂತ ನೋಡಿದೆ, ಅವನೂ ಆಡಲಿಲ್ಲ. ಮೂರು ಜನ ಕಾಯ್ತಿದ್ರು. ಆ ಸುಮ್ಮನಿರೋದು ಎಷ್ಟು ಕಷ್ಟ ಅಂತ, ಪರೀಕ್ಷೆ ಹುಡುಗಿ ಬಾಯಿಗೆ ಜುಲಿಯಾನಾ ಅಕ್ಕ ಯಾಕೆ ಮಾತು ಇಟ್ರು ಅಂತ ಆಗ ಅರ್ಥ ಆಯ್ತು. ಇವತ್ತು ಯಾರೂ ನನ್ನ ಬಾಯಿಗೆ ಮಾತು ಇಡಲಿಲ್ಲ. ನಾನೇ ಹುಡುಕ್ಕೋಬೇಕಾಯ್ತು.

"ಹೌದು, ಭಯ" ಅಂದೆ.

ಅಂದ ಮೇಲೆ ಬಂತು ನೋಡಿ ಎಲ್ಲ. ಬೆಂಚು ಮುಂದೆ ಕೂತು ಸ್ಲೈಡ್ ನೋಡೋದು ನನಗೆ ಗೊತ್ತು, ಅದರಲ್ಲಿ ನನ್ನನ್ನ ಯಾರೂ ಮೀರಿಸಲ್ಲ. ಆದ್ರೆ ಚೀಫ್ ಅಂದ್ರೆ ಮೀಟಿಂಗಲ್ಲಿ ಡಾಕ್ಟರುಗಳ ಮುಂದೆ ಕೂತು ಮಾತಾಡ್ಬೇಕು. ನನಗಿಂತ ದೊಡ್ಡೋರಿಗೆ ತಪ್ಪು ತಿದ್ಕೊಳ್ಳಿ ಅನ್ಬೇಕು. ಆ ಕಡೆಯ ಡೊನೆಗಾಲ್ ಸೀಮೆಯೋರ ಇಂಗ್ಲಿಷು ಅರ್ಧ ಅರ್ಥ ಆಗಲ್ಲ, ಮೂರು ಸಲ ಏನು ಅಂತ ಕೇಳೋ ಚೀಫ್‌ನ ಯಾರು ಮರ್ಯಾದೆ ಮಾಡ್ತಾರೆ? ಅಷ್ಟು ದೂರ ಎಲ್ಲ ಬಿಟ್ಟು ಹೋಗಿ, ಇವಳಿಂದ ಆಗಲ್ಲ ಅಂತ ಅವರು ಅಂದುಬಿಟ್ರೆ? "ಎಷ್ಟೊಂದು ರಾತ್ರಿ ನಿದ್ದೆ ಮಾಡಿಲ್ಲ ನಾನು" ಅಂದೆ. ಮೂಗು ಸೋರ್ತಿತ್ತು, ಸೆರಗೂ ಇಲ್ಲ ಏನೂ ಇಲ್ಲ, ಸ್ವೆಟರ್ ತೋಳಲ್ಲೇ ಒರೆಸ್ಕೊಂಡೆ.

ಇಂಚರಾ ಎದ್ದು ಟೇಬಲ್ ಸುತ್ತಿ ಬಂದು ನನ್ನ ಪಕ್ಕ ನಿಂತಳು. "ನಾನು ಕಮೋಗೀಲಿ ಮೊದಲ ಸಲ ಗೋಲಲ್ಲಿ ನಿಂತಾಗ ನನಗೂ ಹಾಗೇ ಆಗಿತ್ತು, ಲೈಕ್" ಅಂದಳು.

"ಆಮೇಲೆ?"

"ನಾಲ್ಕು ಗೋಲ್ ಬಿಟ್ಟೆ."

ಜುಲಿಯಾನಾ ಅಕ್ಕ ಗೊಳ್ ಅಂತ ನಕ್ಕುಬಿಟ್ರು. ಆಮೇಲೆ ಅಷ್ಟು ದಿನ ತಡೆದಿಟ್ಟಿದ್ದ ಮಾತೆಲ್ಲ ಅವರ ಬಾಯಿಂದ ಹೊರಗೆ ಬಂತು, ಕಾಫಿ ಬಂತು, ಕೋಡುಬಳೆ ಬಂತು. ಅವರು ಹೋಗೋವರೆಗೂ ನಮಗ್ಯಾರಿಗೂ ಮಾತಾಡಕ್ಕೆ ಅವಕಾಶ ಸಿಗಲಿಲ್ಲ.

ಶುಕ್ರವಾರ ನಾನು ರಜ ಹಾಕಿದ್ದೆ. ಅಕ್ಕನ ಪ್ರಾಕ್ಟಿಕಲ್ಲೂ ಅವತ್ತೇ. ಮಧ್ಯಾಹ್ನ ಫೋನ್ ಬಂತು, ಕಿವಿ ತಮಟೆ ಒಡೆಯೋ ಹಾಗೆ, "ಪಾಸು ಮಾರಾಯ್ತಿ!" ಈ ಸಲದ ಹುಡುಗಿ ಬಹಳ ಹೊತ್ತು ಏನೂ ಮಾತಾಡಲಿಲ್ಲವಂತೆ, ಇವರೂ ಸುಮ್ಮನೆ ಕೂತ್ರಂತೆ, ಕೊನೆಗೆ ಅದೇ ಶುರು ಮಾಡ್ತಂತೆ. ಪರೀಕ್ಷಕರು, ಹೋದ ಸಲಕ್ಕೂ ಈ ಸಲಕ್ಕೂ ಇಷ್ಟು ವ್ಯತ್ಯಾಸ ಹೇಗೆ ಅಂತ ಕೇಳಿದ್ರಂತೆ. "ನೀವೇನಂದ್ರಿ?" ಅಂದೆ. "ಎಂತ ಹೇಳುವುದು? ಅದು ನನ್ನ ಕ್ಲೈಂಟಿನ ವಿಷಯ" ಅಂದ್ರು. ನನಗೆ ನಿಜವಾಗ್ಲೂ ಖುಷಿ ಆಯ್ತು. ಇನ್ನು ಯಾವುದೋ ಮಗುವಿನ ಪಕ್ಕದಲ್ಲಿ, ಅದರ ಕಷ್ಟದ ದಿನದಲ್ಲಿ ಈ ಹೆಂಗಸು ಕೂತಿರ್ತಾರಲ್ಲ ಅಂತ.

ಇಂಚರಾ ಸ್ಕೂಲಿಂದ ಬಂದ ಮೇಲೆ, ಅವಳ ಎದುರಿಗೇ ಲೆಟರ್‌ಕೆನ್ನಿಗೆ ಫೋನ್ ಹಚ್ಚಿದೆ. ಅಲ್ಲಿಯ ಮ್ಯಾನೇಜರ್ ಗ್ರಾನ್ಯಾ ಅಂತ, ಒಳ್ಳೇ ಹೆಂಗಸು. ಮೊದಲ ಮಾತೇ, "ನಿಮಗೆ ಮಗಳಿದ್ದಾಳೆ, ಯೋಚನೆ ಮಾಡ್ತಿದ್ದೀರಿ ಅಂತ ಗೊತ್ತು. ಬರಲ್ಲ ಅಂದ್ರೂ ನಾವು ಅರ್ಥ ಮಾಡ್ಕೋತೀವಿ" ಅಂತ ತಾವೇ ಬಾಗಿಲು ತೆಗೆದಿಟ್ರು. ಹೌದು ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು. ಇಂಚರಾ ನನ್ನನ್ನೇ ನೋಡ್ತಿದ್ದಳು.

"ಇಲ್ಲ, ಮಗಳದ್ದೇನೂ ತೊಂದರೆ ಇಲ್ಲ. ಭಯ ಇದ್ದಿದ್ದು ನನಗೆ. ಈಗಲೂ ಇದೆ. ಬರ್ತೀನಿ" ಅಂದೆ.

ಆ ಕಡೆಯಿಂದ ಗ್ರಾನ್ಯಾ ಏನೋ ಅಂದ್ರು, ಅರ್ಧ ಅರ್ಥ ಆಗಲಿಲ್ಲ. ಇನ್ನೊಂದು ಸಲ ಹೇಳಿ ಅಂದೆ. ಹೇಳಿದ್ರು. ಏನೂ ಆಗಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ.

ಫೋನ್ ಇಟ್ಟು ತಿರುಗಿ ನೋಡಿದ್ರೆ ಇಂಚರಾ ಅಳ್ತಿದ್ದಳು. ಸದ್ದಿಲ್ಲದೆ, ಕೆನ್ನೆ ಮೇಲೆ ನೀರು ಇಳೀತಿತ್ತು. "ಬರ್ತೀನಿ ಅಂತ ನಾನೇ ಹೇಳಿದ್ದು, ಗೊತ್ತು" ಅಂದಳು, "ಆದ್ರೆ ಈಫಾ ಅಲ್ಲಿ ಇರಲ್ಲ."

ಅಳಬೇಡ ಪುಟ್ಟ, ಅಲ್ಲಿ ಇನ್ನೂ ಒಳ್ಳೇ ಫ್ರೆಂಡ್ಸ್ ಸಿಗ್ತಾರೆ, ನಿನಗೆ ತುಂಬಾ ಇಷ್ಟ ಆಗುತ್ತೆ ನೋಡು ಅಂತ ಅಷ್ಟೂ ಮಾತು ನಾಲಿಗೆ ತುದಿಗೆ ಬಂತು. ನುಂಗಿದೆ. ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅವಳು ನನ್ನ ಭುಜಕ್ಕೆ ಒರಗಿ, ಈಫಾ ಬಗ್ಗೆ ಒಂದೊಂದೇ ಹೇಳ್ತಾ ಹೋದಳು, ನನಗೆ ಗೊತ್ತೇ ಇಲ್ಲದ್ದು ಎಷ್ಟೋ ಇತ್ತು. ಬೇಕಾದಷ್ಟು ಹೊತ್ತು ಅತ್ತಳು.

ಆಮೇಲೆ ಮುಖ ಒರೆಸ್ಕೊಂಡು, "ಹಸಿವು, ಅಮ್ಮ" ಅಂದಳು.

ಏನು ಬೇಕು ಅಂತ ಕೇಳಿದೆ. ಅವಳು ಯೋಚನೆ ಮಾಡ್ತಿದ್ದಳು, ನಾನು ಕಾಯ್ತಾ ಕೂತೆ.